ಬಿಳಿ ಅಂಗಿಯ ಹುಡುಗನೂ ನಮ್ಮ ಜಾಣ ನಗುವೂ

ಹದಿನೆಂಟು ವರ್ಷದ ಹುಡುಗನೊಬ್ಬ ಒಂದು ಪುಸ್ತಕವನ್ನು ಅಕ್ಷರಶಃ ನಂಬುತ್ತಾನೆ. ಆ ನಂಬಿಕೆಗಾಗಿ ಮನೆ, ಕಾಲೇಜು, ಗೆಳತಿ, ಸಿನಿಮಾ ಎಲ್ಲವನ್ನೂ ಬಿಟ್ಟು ಎರಡು ವರ್ಷ ಯಾವುದೋ ದೇಶದ ಬೀದಿಗಳಲ್ಲಿ ಬಾಗಿಲು ತಟ್ಟುತ್ತಾನೆ. ನಮ್ಮ ಸಾಹಿತ್ಯದ ಬಳಗದಲ್ಲಿ ಇವನ ಮಾತು ಬಂದರೆ ಸಿಗುವುದು ಎರಡೇ ಪ್ರತಿಕ್ರಿಯೆ: ಒಂದೋ ನಗು, ಇಲ್ಲವೇ ಕನಿಕರ. ಕೋಪ ಕೂಡ ಬರುವುದಿಲ್ಲ. ಕೋಪ ಬರಬೇಕಾದರೆ ಎದುರಿನವನು ನಮಗೆ ಸಮಾನ ಎಂದು ಒಪ್ಪಿರಬೇಕಲ್ಲ. ಈ ನಗುವಿನೊಂದಿಗೆ ನನಗೆ ಜಗಳವಿದೆ. ಅದು ಒರಟು ಎಂಬ ಕಾರಣಕ್ಕಲ್ಲ, ಸೋಮಾರಿ ಎಂಬ ಕಾರಣಕ್ಕೆ.

ಮೊದಲು ಹುಡುಗನ ಪರಿಚಯ. ಅವನು ಮಾರ್ಮನ್. ಅವರ ಸಭೆಯ ಪೂರ್ತಿ ಹೆಸರು ಉದ್ದ: ಯೇಸು ಕ್ರಿಸ್ತನ ಕಡೆಯ ದಿನಗಳ ಸಂತರ ಸಭೆ. 2018ರಿಂದ ಅವರ ನಾಯಕರು 'ಮಾರ್ಮನ್' ಎಂಬ ಅಡ್ಡಹೆಸರು ಬೇಡವೇ ಬೇಡ ಎನ್ನುತ್ತಿದ್ದಾರೆ. ಓದುಗರಿಗೆ ಗುರುತು ಸಿಗಲೆಂದು ನಾನು ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೇನೆ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ರೈತನ ಮಗ ಒಂದು ಗ್ರಂಥ ಪ್ರಕಟಿಸಿದ. ದೇವದೂತ ತೋರಿಸಿಕೊಟ್ಟ ಚಿನ್ನದ ತಗಡುಗಳ ಮೇಲಿನ ಬರಹವನ್ನು ದೈವಬಲದಿಂದ ಅನುವಾದಿಸಿದೆ ಎಂದ. ಅದೇ ವರ್ಷ ಸಭೆ ಕಟ್ಟಿದ. ಹದಿನಾಲ್ಕು ವರ್ಷಗಳ ನಂತರ ಇಲಿನಾಯ್ ರಾಜ್ಯದ ಜೈಲೊಂದಕ್ಕೆ ನುಗ್ಗಿದ ಗುಂಪು ಅವನನ್ನು ಗುಂಡಿಟ್ಟು ಕೊಂದಿತು. ಹಿಂಬಾಲಕರು ಮರುಭೂಮಿ ದಾಟಿ 1847ರಲ್ಲಿ ಉಟಾದ ಉಪ್ಪಿನ ಸರೋವರದ ಬಳಿ ಊರು ಕಟ್ಟಿದರು. ಬಹುಪತ್ನಿತ್ವ ಆಚರಿಸಿದರು, 1890ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿದರು. ನಗುವವರಿಗೆ ಇಷ್ಟೇ ಗೊತ್ತು. ಚಿನ್ನದ ತಗಡು, ಹಲವು ಹೆಂಡಿರು. ಇಷ್ಟರಲ್ಲೇ ಅವರ ಕೆಲಸ ನಡೆದುಹೋಗುತ್ತದೆ.

ಹುಡುಗನ ದಿನಚರಿ ಯಾರಿಗೂ ಬೇಡ. ನನಗೆ ಬೇಕು, ಅದರಲ್ಲೇ ಎಲ್ಲ ಇದೆ.

ಅವನು ಎಲ್ಲಿಗೆ ಹೋಗಬೇಕೆಂದು ಅವನು ಆರಿಸುವುದಿಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಕರೆ ಬರುತ್ತದೆ. ಮೊದಲು ಅದು ಲಕೋಟೆಯಲ್ಲಿ ಬರುತ್ತಿತ್ತು, ಮನೆಮಂದಿಯೆಲ್ಲ ಸೇರಿ ಒಡೆಯುತ್ತಿದ್ದರು. ಈಗ ಪರದೆಯ ಮೇಲೆ ಬರುತ್ತದೆ. ಟೋಂಗಾ ಎಂದು ಬಂದರೆ ಟೋಂಗಾ, ಪಕ್ಕದ ರಾಜ್ಯ ಎಂದು ಬಂದರೆ ಪಕ್ಕದ ರಾಜ್ಯ. ಹುಡುಗರಿಗೆ ಇಪ್ಪತ್ತನಾಲ್ಕು ತಿಂಗಳು, ಹುಡುಗಿಯರಿಗೆ ಹದಿನೆಂಟು. ಸಂಬಳವಿಲ್ಲ. ಅಷ್ಟೇ ಅಲ್ಲ, ಅಮೆರಿಕದ ಕುಟುಂಬವಾದರೆ 2020ರಿಂದ ತಿಂಗಳಿಗೆ 500 ಡಾಲರ್ ತಾವೇ ಕಟ್ಟಬೇಕು. ಹೀಗೆ ಹೊರಟವರು ಜಗತ್ತಿನಾದ್ಯಂತ ಇವತ್ತು 70 ಸಾವಿರಕ್ಕೂ ಹೆಚ್ಚು.

ಹೊರಟ ದಿನದಿಂದ ಅವನಿಗೆ ಹೆಸರಿಲ್ಲ. ಎದೆಯ ಮೇಲಿನ ಕಪ್ಪು ಪಟ್ಟಿಯಲ್ಲಿ 'ಎಲ್ಡರ್' ಎಂಬ ಪದ, ಮನೆತನದ ಹೆಸರು. ಎಲ್ಡರ್ ಎಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದ ಹಿರಿಯ ಎಂದು ನಗುವವರಿಗೆ ಇಲ್ಲೊಂದು ತುತ್ತು ಸಿಗುತ್ತದೆ. ಆದರೆ ಶಬರಿಮಲೆಗೆ ಮಾಲೆ ಹಾಕಿದವರನ್ನು ಕಂಡಿರುವ ನಮಗೆ ಇದು ಹೊಸದೇ? ಮಾಲೆ ಬಿದ್ದ ಮೇಲೆ ಅವನು ಮಂಜುನಾಥನೂ ಅಲ್ಲ, ಡ್ರೈವರ್ ಶಿವುವೂ ಅಲ್ಲ. ಎಲ್ಲರಿಗೂ 'ಸ್ವಾಮಿ'. ಹೆಂಡತಿಯೂ ಹಾಗೇ ಕರೆಯುತ್ತಾಳೆ. ಹೆಸರು ಕಳಚಿಟ್ಟಾಗ ಮನುಷ್ಯನ ಮೈ ನಡೆಯುವ ರೀತಿಯೇ ಬದಲಾಗುವುದನ್ನು ನಾವು ಪ್ರತಿ ಮಾಗಿಯಲ್ಲೂ ನಮ್ಮ ಬೀದಿಯಲ್ಲೇ ನೋಡುತ್ತೇವೆ. ಅದು ಒಂದು ಮಂಡಲದ ವ್ರತ. ಇದು ಎರಡು ವರ್ಷದ್ದು.

ಒಂಟಿಯಾಗಿ ಇರುವಂತಿಲ್ಲ. ಸದಾ ಒಬ್ಬ ಜೊತೆಗಾರ, ಅವನನ್ನೂ ಇವನು ಆರಿಸಿದ್ದಲ್ಲ. ಬಚ್ಚಲುಮನೆ ಬಿಟ್ಟರೆ ಉಳಿದೆಲ್ಲೆಡೆ ಒಬ್ಬರು ಇನ್ನೊಬ್ಬರ ಕಣ್ಣಳತೆಯಲ್ಲಿ. ಗೊರಕೆ ಹೊಡೆಯುವವನಿರಲಿ, ಮಾತಾಡದವನಿರಲಿ, ನಂಬಿಕೆ ಸಡಿಲವಾಗುತ್ತಿರುವವನಿರಲಿ, ಅವನ ಜೊತೆ ಅಡುಗೆ, ಓದು, ಪ್ರಾರ್ಥನೆ, ಬಿಸಿಲು. ಆರಾರು ವಾರಕ್ಕೆ ವರ್ಗಾವಣೆಯ ಸುದ್ದಿ ಬರುತ್ತದೆ, ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು. ಪ್ರೇಮವಿಲ್ಲ, ಸಿನಿಮಾ ಇಲ್ಲ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಕಾಗದ ಬರೆಯಲು ಬಿಡುವು. 2019ರ ಫೆಬ್ರುವರಿವರೆಗೆ ಮನೆಗೆ ಫೋನ್ ಮಾಡಲು ಅವಕಾಶವಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ ದಿನ ಮತ್ತು ಅಮ್ಮಂದಿರ ದಿನ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಇನ್ನು ಕಾಫಿ, ಟೀ, ಮದ್ಯ, ತಂಬಾಕು ಹುಟ್ಟಿನಿಂದಲೇ ನಿಷಿದ್ಧ. ಬೆಂಗಳೂರಿನಲ್ಲಿ 1993ರಿಂದ ಅವರದೊಂದು ಮಿಶನ್ ಇದೆ. ಫಿಲ್ಟರ್ ಕಾಫಿಯ ಊರಿನಲ್ಲಿ ಎರಡು ವರ್ಷ ಲೋಟ ಮುಟ್ಟದೆ ಇರುವುದು ಎಂಥ ವ್ರತ ಎಂದು ನಮಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

ಇಂಥವನನ್ನು ಸಾಹಿತ್ಯ, ರಂಗಭೂಮಿ, ಸಿನಿಮಾ ಏನು ಮಾಡಿವೆ ನೋಡಿ. ಷರ್ಲಾಕ್ ಹೋಮ್ಸ್ ಹುಟ್ಟಿದ್ದೇ ಮಾರ್ಮನ್ನರನ್ನು ರಾಕ್ಷಸರನ್ನಾಗಿ ಮಾಡಿದ ಕಥೆಯಲ್ಲಿ. 1887ರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯ ಎರಡನೆಯ ಭಾಗದಲ್ಲಿ ಉಟಾ ಎಂದರೆ ಹೆಣ್ಣುಗಳ್ಳರ, ಕೊಲೆಗಡುಕರ ನಾಡು. ಕಾನನ್ ಡಾಯ್ಲ್ ಆಗ ಉಟಾವನ್ನು ಕಂಡಿರಲೇ ಇಲ್ಲ. ಮುಂದೆ 1923ರಲ್ಲಿ ಅವನು ಸಾಲ್ಟ್ ಲೇಕ್ ಸಿಟಿಗೆ ಹೋದ. ಹೋದದ್ದು ಪ್ರೇತಾತ್ಮಗಳ ಅಸ್ತಿತ್ವದ ಬಗ್ಗೆ ಉಪನ್ಯಾಸ ಕೊಡಲು. ಹಿಂದಿನ ವರ್ಷವಷ್ಟೇ ಕಿನ್ನರಿಯರು ನಿಜ ಎಂದು ಸಾಧಿಸುವ ಪುಸ್ತಕವನ್ನೂ ಬರೆದಿದ್ದ. ಮಿಶನರಿಗಳನ್ನು ಖಳರನ್ನಾಗಿ ಮಾಡಿದವನು ತಾನೇ ಊರೂರು ತಿರುಗುವ ಮಿಶನರಿಯಾಗಿ ಬಂದಾಗ, ಆ ಊರಿನವರು ತಮ್ಮ ದೊಡ್ಡ ಸಭಾಭವನವನ್ನೇ ಅವನ ಮಾತಿಗೆ ಬಿಟ್ಟುಕೊಟ್ಟರು. ಸಭ್ಯತೆ ಯಾರ ಕಡೆಗಿತ್ತೋ ನೀವೇ ಹೇಳಿ.

2011ರಲ್ಲಿ ಬ್ರಾಡ್‌ವೇಗೆ ಬಂದ 'ದಿ ಬುಕ್ ಆಫ್ ಮಾರ್ಮನ್' ಸಂಗೀತ ನಾಟಕದಲ್ಲಿ ಇಬ್ಬರು ಹುಡುಗರು ಉಗಾಂಡಾಕ್ಕೆ ಹೋಗುತ್ತಾರೆ. ನಾಟಕ ಜಾಣತನದ್ದು, ಹಾಡುಗಳು ಚೆನ್ನಾಗಿವೆ. ಆದರೆ ಅದರ ಔದಾರ್ಯ ಒಂದು ಬಗೆಯ ಮೇಲ್ಜಾತಿಯ ಔದಾರ್ಯ: ಪಾಪ, ನಂಬುವುದೆಲ್ಲ ಸುಳ್ಳು, ಆದರೂ ಒಳ್ಳೆಯ ಹುಡುಗರು. (ಸಭೆಯವರು ಸಿಟ್ಟಾಗಲಿಲ್ಲ. ಪ್ರೇಕ್ಷಕರಿಗೆ ಹಂಚುವ ನಾಟಕದ ಪುಸ್ತಿಕೆಯಲ್ಲೇ ದುಡ್ಡು ಕೊಟ್ಟು ಜಾಹೀರಾತು ಹಾಕಿ, ನಾಟಕ ನೋಡಿದಿರಲ್ಲ, ಈಗ ಮೂಲ ಪುಸ್ತಕವನ್ನೂ ಓದಿ ಎಂದರು. ಆ ಸುತ್ತಿನಲ್ಲಿ ಗೆದ್ದವರು ಅವರೇ.) 2024ರ 'ಹೆರೆಟಿಕ್' ಚಿತ್ರದಲ್ಲಿ ಇಬ್ಬರು ಮಿಶನರಿ ಹುಡುಗಿಯರನ್ನು ಹ್ಯೂ ಗ್ರಾಂಟ್ ಮನೆಯೊಳಗೆ ಕೂಡಿಹಾಕಿ ಧರ್ಮಗಳ ಇತಿಹಾಸ ಕುರಿತು ಗಂಟೆಗಟ್ಟಲೆ ಪಾಠ ಮಾಡುತ್ತಾನೆ. ನಮ್ಮ ಎಷ್ಟೋ ವಿಚಾರವಾದಿ ಮಿತ್ರರಿಗೆ ಆ ಪಾತ್ರ ತಮ್ಮ ಹತ್ತಿರದ ನೆಂಟ ಎನಿಸೀತು. ಆ ಚಿತ್ರದಲ್ಲಿ ನನಗೆ ಉಳಿದದ್ದು ಕೊನೆಯಲ್ಲಿ ಹುಡುಗಿಯೊಬ್ಬಳು ಪ್ರಾರ್ಥನೆಯ ಬಗ್ಗೆ ಆಡುವ ನಾಲ್ಕು ಮಾತು ಮಾತ್ರ: ಅದರಿಂದ ಏನೂ ಘಟಿಸುವುದಿಲ್ಲ ಎಂದು ಗೊತ್ತಿದ್ದೂ ಇನ್ನೊಬ್ಬರನ್ನು ನೆನೆಯುವುದು ಒಳ್ಳೆಯದೇ ಎಂಬ ಅರ್ಥದ ಮಾತು. ಇಡೀ ಚಿತ್ರದ ವಾದಸರಣಿಯನ್ನು ಆ ಹುಡುಗಿ ಒಂದು ನಿಮಿಷದಲ್ಲಿ ದಾಟಿಬಿಡುತ್ತಾಳೆ.

ನಾವೇನು ಕಡಿಮೆಯೇ? ನವ್ಯದಿಂದ ಈಚೆಗೆ ನಮ್ಮ ಕಥನದಲ್ಲಿ ಸಂಶಯವೇ ಆಳ, ನಂಬಿಕೆ ಎಂದರೆ ಚಪ್ಪಟೆ. 'ಸಂಸ್ಕಾರ'ದ ಪ್ರಾಣೇಶಾಚಾರ್ಯ ನಮಗೆ ಪಾತ್ರವಾಗುವುದು ಅವನ ನಂಬಿಕೆ ಬಿರುಕು ಬಿಟ್ಟ ಮೇಲೆ. 'ಭಾರತೀಪುರ'ದ ಜಗನ್ನಾಥನಿಗೆ ಒಳಲೋಕ ಇರುವುದು ಅವನು ಒಡೆಯಲು ಹೊರಟವನಾದ್ದರಿಂದ. ಅವು ದೊಡ್ಡ ಕೃತಿಗಳು, ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವನ್ನು ಓದಿ ಬೆಳೆದ ನಮ್ಮ ರೂಢಿಯ ಬಗ್ಗೆ. ಬಿರುಕಿಲ್ಲದೆ ನಂಬುವವನು ಕಥೆಯಲ್ಲಿ ಬಂದರೆ ಅವನು ಕಪಟಿಯಾಗಿರಬೇಕು, ಇಲ್ಲವೇ ಅಜ್ಜಿಯಾಗಿರಬೇಕು. ಇಪ್ಪತ್ತರ ಹರೆಯದ, ಬುದ್ಧಿವಂತ, ಪ್ರಾಮಾಣಿಕ ಭಕ್ತನನ್ನು ಬರೆಯಲು ನಮಗೆ ಕೈ ಏಳುವುದಿಲ್ಲ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲು ತರುತ್ತಾನೆ. ಊರವರ ಬಾಯಲ್ಲಿ ಅದು 'ಬೀಸೆಕಲ್ಲು' ಆಗುತ್ತದೆ. ಮಲೆನಾಡಿಗೆ ಆಧುನಿಕತೆ ಬಂದ ಬಗೆಯನ್ನು ವಿವರಿಸಲು ನಾವು ಆ ಬೀಸೆಕಲ್ಲನ್ನು ಎಷ್ಟು ಸಲ ತುಳಿದಿಲ್ಲ! ಅದರ ಮೇಲೆ ಕೂತವನು ಏನನ್ನು ನಂಬಿದ್ದ ಎಂದು ಕೇಳಿದವರು ಬಹಳ ಕಡಿಮೆ.

ಕಿಟೆಲ್ ವಿಷಯದಲ್ಲೂ ಹಾಗೇ ಆಗಿದೆ. ಒಂದು ಕಾಕತಾಳೀಯ ನೋಡಿ. 1853ರಲ್ಲಿ ಉಟಾದಿಂದ ಹೊರಟ ಹದಿಮೂರು ಮಾರ್ಮನ್ ಮಿಶನರಿಗಳು ಕಲ್ಕತ್ತಾದಲ್ಲಿ ಇಳಿದರು. ಕೆಲವೇ ವರ್ಷಗಳಲ್ಲಿ, ಹೆಚ್ಚೇನೂ ಫಲ ಕಾಣದೆ, ಹಿಂದಿರುಗಿದರು. ಅದೇ 1853ರಲ್ಲಿ ಬಾಸೆಲ್ ಮಿಶನ್ನಿನ ಇಪ್ಪತ್ತೊಂದು ವರ್ಷದ ಫರ್ಡಿನೆಂಡ್ ಕಿಟೆಲ್ ನಮ್ಮ ಕಡೆಗೆ ಬಂದ. ಅವನದು 1894ರ ನಿಘಂಟು, ಸುಮಾರು 70 ಸಾವಿರ ಪದ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವನ ಪ್ರತಿಮೆಯಿದೆ. ನಾವು ನಿಘಂಟನ್ನು ಒಳಗೆ ಕರೆದು ಕೂರಿಸಿ, ನಂಬಿಕೆಯನ್ನು ಚಪ್ಪಲಿಯ ಹಾಗೆ ಹೊಸಿಲಾಚೆ ಬಿಡಿಸಿದ್ದೇವೆ. 'ಪಾದ್ರಿಯಾಗಿದ್ದರೂ' ಎಂದೇ ಅವನ ಮೇಲಿನ ಭಾಷಣಗಳು ಶುರುವಾಗುತ್ತವೆ. ಆದರೆ ಜರ್ಮನಿಯ ಉತ್ತರ ತುದಿಯ ಹುಡುಗನೊಬ್ಬ ಧಾರವಾಡದ ಮಳೆ, ಮಂಗಳೂರಿನ ಸೆಕೆ, ಮಡಿಕೇರಿಯ ಚಳಿಯನ್ನು ತಡೆದುಕೊಂಡು ಪದ ಹೆಕ್ಕಿದ್ದು ಕನ್ನಡ ಸಾಹಿತ್ಯ ಪರಿಷತ್ತಿನ ಸದಸ್ಯತ್ವಕ್ಕಲ್ಲ. ಆ 'ಆಗಿದ್ದರೂ' ಎಂಬಲ್ಲಿ 'ಆಗಿದ್ದರಿಂದ' ಎಂದು ಹಾಕಿ ಓದುವ ಧೈರ್ಯ ನಮಗಿಲ್ಲ.

ಭಾಷೆಯ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಉಟಾದ ಪ್ರೊವೊ ನಗರದಲ್ಲಿ ಈ ಹುಡುಗರ ತರಬೇತಿ ಕೇಂದ್ರವಿದೆ, ಐವತ್ತಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಊರು ಬಿಟ್ಟು ಕದಲದ ಹುಡುಗ ಕೆಲವೇ ವಾರಗಳಲ್ಲಿ ತಗಾಲೊಗ್ ಅಥವಾ ಪೋರ್ಚುಗೀಸ್ ಹಿಡಿದು ವಿಮಾನ ಹತ್ತುತ್ತಾನೆ. ಅಲ್ಲಿ ಮೊದಮೊದಲೇ ಕಲಿಸುವ ಸಂಗತಿಗಳಲ್ಲಿ ಒಂದು, ಆ ಭಾಷೆಯಲ್ಲಿ ಪ್ರಾರ್ಥಿಸುವುದು. ಊಹಿಸಿಕೊಳ್ಳಿ: ನಿಮ್ಮ ಬಳಿ ನಲವತ್ತು ಪದ ಇವೆ. ಕೃದಂತ ಗೊತ್ತಿಲ್ಲ, ಭೂತಕಾಲ ತಡವರಿಸುತ್ತದೆ. ಆ ನಲವತ್ತರಲ್ಲೇ ದೇವರೊಂದಿಗೆ ಮಾತಾಡಬೇಕು. ತಂದೆ, ಧನ್ಯವಾದ, ಅನ್ನ, ಅಮ್ಮ, ಹೆದರಿಕೆ, ಸಹಾಯ. ಮನೆಯಲ್ಲಿ ಕಲಿತ ಉದ್ದುದ್ದ ವಾಕ್ಯಗಳೆಲ್ಲ ಉದುರಿ ನಂಬಿಕೆ ಅಷ್ಟಕ್ಕೇ ಇಳಿಯುತ್ತದೆ. ಕವಿಗಳು ಇಂಥ ಬಡತನಕ್ಕಾಗಿ ಜೀವಮಾನವಿಡೀ ಹವಣಿಸುತ್ತಾರೆ. ಇತ್ತ ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು ಹಾಲಿನವನ ಜೊತೆ ಎರಡು ಮಾತು ಕನ್ನಡದಲ್ಲಿ ಆಡಲಾರದ ನಮ್ಮ ಸುಶಿಕ್ಷಿತರು ಈ ಹುಡುಗನನ್ನು ಕೂಪಮಂಡೂಕ ಎನ್ನುತ್ತಾರೆ.

ಇನ್ನೊಂದು ಹೋಲಿಕೆ, ಕಹಿಯಾದರೂ ಹೇಳಲೇಬೇಕು. ನಾವೂ ಮಕ್ಕಳನ್ನು ವಿದೇಶಕ್ಕೆ ಕಳಿಸುತ್ತೇವೆ. ಇಪ್ಪತ್ತೆರಡಕ್ಕೆ ವೀಸಾ, ಮೂವತ್ತಕ್ಕೆ ಗ್ರೀನ್ ಕಾರ್ಡಿನ ಸರದಿ. ಅವರು ಅಲ್ಲಿ ಹೇಗೆ ಬದುಕುತ್ತಾರೆ, ಯಾರ ಜೊತೆ ಉಣ್ಣುತ್ತಾರೆ, ಏನನ್ನು ನಂಬುತ್ತಾರೆ ಎಂದು ಕೇಳುವುದಿಲ್ಲ. ಪ್ಯಾಕೇಜ್ ಎಷ್ಟು ಎಂದು ಕೇಳುತ್ತೇವೆ. ಅದು ಸಹಜ. ಕೈಯಿಂದ ದುಡ್ಡು ಹಾಕಿ, ಬಡವರ ಕೇರಿಯಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಕ್ಕೆ ಹತ್ತಾರು ಸಲ 'ಬೇಡ' ಅನ್ನಿಸಿಕೊಳ್ಳಲು ಹೋಗುವವನು ಮಾತ್ರ ಹುಚ್ಚ. ಆ ಬಾಗಿಲು ಮುಚ್ಚುವವರಲ್ಲಿ ಅಮೆರಿಕದ ನಮ್ಮ ಕನ್ನಡಿಗರೂ ಇರುತ್ತಾರೆ. ಅದು ಅವರ ಹಕ್ಕು. ಬಾಗಿಲು ಮುಚ್ಚಿ. ಮುಚ್ಚಿದ ಮೇಲೆ ಒಳಗೆ ಕೂತು ಅವನಿಗಿಂತ ನಾವು ಸ್ವತಂತ್ರರು ಎಂದುಕೊಳ್ಳುವಾಗ ಮಾತ್ರ ಒಮ್ಮೆ ಗೋಡೆಯ ಮೇಲಿನ ಗೃಹಸಾಲದ ಕ್ಯಾಲೆಂಡರ್ ನೋಡಿಕೊಳ್ಳಿ.

ಈಗ ನೀವು ಕೇಳುತ್ತೀರಿ: ಹಾಗಾದರೆ ಆ ಸಂಸ್ಥೆಗೆ ನೀನು ವಕೀಲನೇ? ಅಲ್ಲ. ಆ ಸಂಸ್ಥೆಯ ಮೇಲೆ ಹೊರಿಸಬೇಕಾದ ನಿಜವಾದ ಆರೋಪ ನಗುವವರ ಕಣ್ಣಿಗೆ ಬಿದ್ದೇ ಇಲ್ಲ ಎಂಬುದೇ ನನ್ನ ದೂರು.

1978ರ ಜೂನ್‌ವರೆಗೆ ಮಾರ್ಮನ್ ಸಭೆಯಲ್ಲಿ ಆಫ್ರಿಕಾ ಮೂಲದ ಗಂಡಸರಿಗೆ ಯಾಜಕತ್ವವಿರಲಿಲ್ಲ. ಉಳಿದ ಬಹುತೇಕ ಎಲ್ಲ ಗಂಡುಮಕ್ಕಳಿಗೂ ಹನ್ನೆರಡನೆಯ ವಯಸ್ಸಿಗೇ ಸಿಗುತ್ತಿದ್ದ ಅಧಿಕಾರ ಅದು. ಈ ನಿಯಮ ಬ್ರೆಜಿಲ್‌ಗೆ ಹೋದಾಗ ಏನಾಗಬೇಕು? ಅಲ್ಲಿ ಯಾರ ರಕ್ತದಲ್ಲಿ ಯಾರಿದ್ದಾರೆಂದು ಹೇಳುವವರಾರು? ಅದಕ್ಕೊಂದು ವಿಧಾನ ಮಾಡಿದರು. ಮಿಶನರಿ ಹುಡುಗರು ಮನೆಗೆ ಹೋದಾಗ ವಂಶದ ವಿಚಾರ ತೆಗೆಯಬೇಕು, ಕುಟುಂಬದ ಹಳೆಯ ಫೋಟೋಗಳನ್ನು ನೋಡಬೇಕು, ಅಜ್ಜ ಅಜ್ಜಿ ಎಲ್ಲಿಯವರು ಎಂದು ಕೇಳಬೇಕು. ಅನುಮಾನ ಬಂದರೆ ಬೋಧನೆಯನ್ನು ಮೆಲ್ಲಗೆ ನಿಲ್ಲಿಸಿ ಎದ್ದು ಬರಬೇಕು. ಆ ಹುಡುಗನ ಜಾಗದಲ್ಲಿ ಒಮ್ಮೆ ನಿಲ್ಲಿ. ವಾರಗಟ್ಟಲೆ ನಡೆದು ಒಂದು ಮನೆ ತೆರೆದಿದೆ. ಅವರು ಊಟ ಹಾಕಿದ್ದಾರೆ, ಪ್ರಾರ್ಥನೆ ಮಾಡಿದ್ದಾರೆ, ಅವನು ಹೇಳಿದ್ದನ್ನು ನಂಬಲು ಸಿದ್ಧರಿದ್ದಾರೆ. ಆ ಮನೆಯ ಹೆಂಗಸು ಹೆಮ್ಮೆಯಿಂದ ಅಜ್ಜಿಯ ಫೋಟೋ ತಂದು ಕೈಗಿಡುತ್ತಾಳೆ.

ಹುಡುಗ ನಂಬದವನಾಗಿದ್ದರೆ ಇಲ್ಲಿ ದುರಂತವೇ ಇಲ್ಲ. ಒಬ್ಬ ನೌಕರ ಒಂದು ನಿಯಮ ಪಾಲಿಸಿದ, ಮುಗಿಯಿತು. ಅವನು ನಿಜಕ್ಕೂ ನಂಬಿದ್ದಾನೆ, ಈ ಮನೆಯವರಿಗೆ ಮೋಕ್ಷದ ದಾರಿ ತನ್ನ ಕೈಯಲ್ಲಿದೆ ಎಂದೇ ನಂಬಿದ್ದಾನೆ, ಆದರೂ ಎದ್ದು ಬರಬೇಕಾಗಿದೆ ಎಂದಾಗ ಮಾತ್ರ ಎದೆ ಹಿಂಡುತ್ತದೆ. ಅವನನ್ನು ಎರಡು ಕಾಲಿನ ನಗೆಹನಿ ಮಾಡಿದವರಿಗೆ ಈ ದೃಶ್ಯ ಸಿಕ್ಕುವುದೇ ಇಲ್ಲ. ಜಾತಿಯ ನೆರಳಿನಲ್ಲಿ ಬೆಳೆದ ನಮಗಂತೂ ಇದು ತಕ್ಷಣ ಅರ್ಥವಾಗಬೇಕಿತ್ತು. ಊಟಕ್ಕೆ ಕೂತ ಮೇಲೆ 'ನೀವು ಯಾವ ಪೈಕಿ?' ಎಂಬ ಪ್ರಶ್ನೆ ಬರುವ ರೀತಿ ನಮಗೆ ಹೊಸದಲ್ಲ.

ಇನ್ನೊಂದು. 1960ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ದೀಕ್ಷಾಸ್ನಾನದ ಲೆಕ್ಕ ಏರಿಸಲು ಮಿಶನರಿಗಳು ಹುಡುಗರನ್ನು ಬೇಸ್‌ಬಾಲ್ ಆಟಕ್ಕೆ ಸೇರಿಸಿಕೊಂಡು, ತಂಡಕ್ಕೆ ಸೇರುವುದೂ ಸಭೆಗೆ ಸೇರುವುದೂ ಒಂದೇ ಎಂಬಂತೆ ನೀರಿಗಿಳಿಸಿದರು. 'ಬೇಸ್‌ಬಾಲ್ ದೀಕ್ಷೆ' ಎಂದೇ ಅದಕ್ಕೆ ಹೆಸರಾಯಿತು. ಇದರ ಇತಿಹಾಸವನ್ನು ಬಿಚ್ಚಿಟ್ಟವರು ಹೊರಗಿನ ವಿಡಂಬನಕಾರರಲ್ಲ. ಆ ಕಾಲದಲ್ಲೇ ಅಲ್ಲಿ ಮಿಶನರಿಯಾಗಿದ್ದು ಮುಂದೆ ಇತಿಹಾಸಕಾರರಾದ ಡಿ. ಮೈಕೆಲ್ ಕ್ವಿನ್. ಸಭೆಯ ಇತಿಹಾಸವನ್ನು ಇದ್ದದ್ದು ಇದ್ದಂತೆ ಬರೆದದ್ದಕ್ಕೆ 1993ರ ಸೆಪ್ಟೆಂಬರ್‌ನಲ್ಲಿ ಸಭೆ ಅವರನ್ನು ಬಹಿಷ್ಕರಿಸಿತು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಜೋಸೆಫ್ ಸ್ಮಿತ್‌ನ ಮೇಲಿನ ನಂಬಿಕೆ ಬಿಡಲಿಲ್ಲ. ಸಂಸ್ಥೆ ಹೊರಹಾಕಿದ ಮೇಲೂ ನಂಬುವವನು, ನಂಬುತ್ತಲೇ ಅದರ ಹುಳುಕು ತೋರಿಸುವವನು. ಇವರನ್ನು ಯಾವ ಖಾನೆಯಲ್ಲಿ ಕೂರಿಸುತ್ತೀರಿ? ಮೂಢ? ವಿಚಾರವಾದಿ?

ಅವಧಿ ಮುಗಿಯುವ ಮೊದಲೇ ಮನೆಗೆ ಮರಳಿದವರ ಕಥೆ ಇನ್ನೂ ಕಠಿಣ. ಕಾಯಿಲೆಯೋ, ಖಿನ್ನತೆಯೋ, ನಂಬಿಕೆ ಕಳಚಿದ್ದೋ, ಕಾರಣ ಏನೇ ಇರಲಿ. ಹೊರಡುವಾಗ ಊರಿಗೆ ಊರೇ ಬೀಳ್ಕೊಟ್ಟಿರುತ್ತದೆ. ಮರಳಿದಾಗ ಯಾರ ಮುಖ ನೋಡುವುದು? ಹದಿನೆಂಟು ಹತ್ತೊಂಬತ್ತರ ವಯಸ್ಸಿಗೆ ಹೊರಿಸಿದ ಈ ಭಾರಕ್ಕೆ ಸಂಸ್ಥೆಯೂ ಅಪ್ಪ ಅಮ್ಮಂದಿರೂ ಉತ್ತರ ಹೇಳಬೇಕು. 2012ರಲ್ಲಿ ಹುಡುಗರ ವಯಸ್ಸನ್ನು ಹತ್ತೊಂಬತ್ತರಿಂದ ಹದಿನೆಂಟಕ್ಕೆ ಇಳಿಸಿದರು. ನನ್ನನ್ನು ಕೇಳಿದ್ದರೆ ಏರಿಸಿ ಎನ್ನುತ್ತಿದ್ದೆ.

ಉಳಿದದ್ದು ಮತಾಂತರದ ಪ್ರಶ್ನೆ. ಆ ಪದ ಕೇಳಿದ ಕೂಡಲೇ ನಮ್ಮಲ್ಲಿ ಚರ್ಚೆ ನಿಂತು ಘೋಷಣೆ ಶುರುವಾಗುತ್ತದೆ. 2022ರಲ್ಲಿ ಕರ್ನಾಟಕ ಕಾಯ್ದೆಯನ್ನೂ ಮಾಡಿತು. ಬಿಳಿಯ ಹುಡುಗ, ಅಮೆರಿಕದ ಪಾಸ್‌ಪೋರ್ಟು, ಬಡ ದೇಶ: ಈ ಸಮೀಕರಣದಲ್ಲಿ ಅಧಿಕಾರ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಕಡೆಯವರನ್ನು ಬರೀ ಬಲಿಪಶುಗಳು ಎಂದುಕೊಳ್ಳುವುದೂ ಅದೇ ಅಧಿಕಾರದ ಇನ್ನೊಂದು ಮುಖ. 1960ರ ದಶಕದಲ್ಲಿ ನೈಜೀರಿಯದಿಂದ, ಘಾನಾದಿಂದ ಸಾಲ್ಟ್ ಲೇಕ್ ಸಿಟಿಗೆ ಪತ್ರಗಳು ಹೋಗುತ್ತಿದ್ದವು. ಯಾರೂ ಹೋಗಿ ಅವರ ಬಾಗಿಲು ತಟ್ಟಿರಲಿಲ್ಲ. ಪುಸ್ತಕ ಕೈಗೆ ಸಿಕ್ಕಿತ್ತು, ತಾವೇ ಓದಿ ತಾವೇ ಸಭೆಗಳನ್ನು ಕಟ್ಟಿಕೊಂಡಿದ್ದರು. ತಮ್ಮನ್ನು ಕೀಳೆಂದ ಸಂಸ್ಥೆಗೆ ಅವರು ಕಾಗದ ಬರೆದು ಬರೆದು ಕಾದರು. ಮಿಶನರಿಗಳು ಹೋದದ್ದು 1978ರ ಕೊನೆಗೆ. ಇಲ್ಲಿ ಯಾರು ಯಾರನ್ನು ಮತಾಂತರಿಸಿದರು? ಈಗ ಬಿಳಿ ಅಂಗಿ ತೊಟ್ಟ ಆಫ್ರಿಕಾದ, ಫಿಲಿಪೀನ್ಸಿನ, ಬ್ರೆಜಿಲ್‌ನ ಹುಡುಗರೇ ಸಾವಿರಗಟ್ಟಲೆ ಇದ್ದಾರೆ. ರಯಾನ್ ಮೆಕ್‌ಇಲ್ವೇನ್ 2013ರಲ್ಲಿ ಬರೆದ 'ಎಲ್ಡರ್ಸ್' ಕಾದಂಬರಿಯಲ್ಲಿ ಒಬ್ಬ ಅಮೆರಿಕದ ಹುಡುಗ, ಅವನ ಜೊತೆಗಾರ ಬ್ರೆಜಿಲ್‌ನವನು. ಸಂಶಯ ಅಮೆರಿಕದವನಿಗೆ, ನಂಬಿಕೆ ಬ್ರೆಜಿಲಿನವನಿಗೆ. ಸಭೆ ಬಿಟ್ಟುಬಂದ ಲೇಖಕ ಆ ನಂಬುವವನಿಗೂ ಪೂರ್ತಿ ಮನಸ್ಸು ಕೊಟ್ಟು ಬರೆದಿದ್ದಾನೆ. ಇದು ಸಾಧ್ಯ ಎಂಬುದಕ್ಕೆ ಅಷ್ಟು ಸಾಕು. ಬೆಂಗಳೂರಿಗೆ 2018ರಲ್ಲಿ ಅವರದೊಂದು ದೇವಾಲಯ ಘೋಷಣೆಯಾಗಿ 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆಯೂ ಆಯಿತು. ಅದರ ಒಳಗೆ ಹೋಗುವ ಕನ್ನಡದ ಹುಡುಗ ಹುಡುಗಿಯರ ಬಗ್ಗೆ ನಮ್ಮಲ್ಲಿ ಯಾರಾದರೂ ಒಂದು ಕಥೆ ಬರೆದಾರೇ?

ಬರೆಯುವವರಿಗೆ ಒಂದು ಹಳೆಯ ಪ್ರಸಂಗ ನೆನಪಿಸುತ್ತೇನೆ. 1863ರ ಜೂನ್‌ನಲ್ಲಿ ಲಂಡನ್ನಿನ ಬಂದರಿನಲ್ಲಿ 'ಅಮೆಜಾನ್' ಎಂಬ ಹಡಗು ನಿಂತಿತ್ತು. ಮಿಶನರಿಗಳ ಮಾತು ನಂಬಿ ಉಟಾಕ್ಕೆ ಹೊರಟ ಎಂಟುನೂರರಷ್ಟು ಬ್ರಿಟಿಷ್ ಬಡವರು ಅದರಲ್ಲಿದ್ದರು. ಚಾರ್ಲ್ಸ್ ಡಿಕನ್ಸ್ ಹಡಗು ಹತ್ತಿದ. ಮೊದಲೇ ತೀರ್ಪು ಬರೆದುಕೊಂಡೇ ಹೋಗಿದ್ದ: ಇವರು ಮೋಸಹೋದವರು, ಹಾಗೆಂದೇ ಸಾಕ್ಷಿ ಹೇಳುತ್ತೇನೆ ಎಂದು. ಗಂಟೆಗಟ್ಟಲೆ ಅವರ ನಡುವೆ ಓಡಾಡಿದ. ಜಗಳವಿಲ್ಲ, ಕುಡುಕರಿಲ್ಲ, ನೂಕುನುಗ್ಗಲಿಲ್ಲ. ಜನ ಡೆಕ್ಕಿನ ಮೂಲೆ ಮೂಲೆಯಲ್ಲಿ ಕೂತು ಊರಿಗೆ ಕಾಗದ ಬರೆಯುತ್ತಿದ್ದರು. ಅವರನ್ನು ಮುಂದೆ ಏನು ಕಾದಿದೆಯೋ, ಯಾವ ಭ್ರಮೆ ಒಡೆಯಲಿದೆಯೋ ತಾನು ಹೇಳಲಾರೆ ಎಂದ. ಆದರೆ ತಾನು ತಂದಿದ್ದ ತೀರ್ಪಿಗೆ ತಕ್ಕ ಸಾಕ್ಷಿ ಅಲ್ಲಿ ಸಿಗಲಿಲ್ಲ ಎಂದು ಒಪ್ಪಿಕೊಂಡು ಹಡಗಿನಿಂದ ಇಳಿದ, ಕಂಡದ್ದನ್ನು ಬರೆದ, ಜುಲೈ ತಿಂಗಳಲ್ಲಿ ತನ್ನ ಪತ್ರಿಕೆಯಲ್ಲಿ ಅಚ್ಚು ಮಾಡಿದ.